ಹೆದರುವ ಹಕ್ಕಿಯನ್ನು ಪಳಗಿಸುವುದು ಹೇಗೆ? ಪಂಜರದ ಹೊರಗಿನಿಂದ ಬೆರಳ ತುದಿಯವರೆಗೆ

"ಹಕ್ಕಿ ತಂದು ಎರಡು ವಾರ ಆಯ್ತು. ಹತ್ತಿರ ಹೋದರೆ ಸಾಕು, ಪಂಜರವಿಡೀ ಹಾರಾಡಿ ಸರಳಿಗೆ ಬಡಿದುಕೊಳ್ಳುತ್ತೆ. ಕೈ ಹಾಕಿದರೆ ಕಚ್ಚುತ್ತೆ. ಏನು ಮಾಡಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಎಷ್ಟು ದಿನಕ್ಕೆ ಕೈಮೇಲೆ ಕೂರುತ್ತೆ?"

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ದಿನದ ಲೆಕ್ಕ ಯಾರೂ ಕೊಡಲಾರರು. ಮರಿಯಿದ್ದಾಗಲೇ ಮನುಷ್ಯರ ಕೈಯಿಂದ ಉಂಡು ಬೆಳೆದ ಹಕ್ಕಿ ಕೆಲವೇ ದಿನಗಳಲ್ಲಿ ಹೊಂದಿಕೊಳ್ಳಬಹುದು. ದೊಡ್ಡ ಗೂಡಿನಲ್ಲಿ ತಂದೆತಾಯಿ ಹಕ್ಕಿಗಳೇ ಬೆಳೆಸಿದ, ಕೈ ಎಂದರೆ ಹಿಡಿಯಲು ಬರುವುದು ಎಂದಷ್ಟೇ ಬಲ್ಲ ಹಕ್ಕಿಗೆ ತಿಂಗಳುಗಳೇ ಬೇಕಾಗಬಹುದು. ಕೆಳಗಿನ ಹಂತಗಳಲ್ಲಿ ಎಲ್ಲೂ "ಮೂರನೇ ದಿನ ಇದು, ಐದನೇ ದಿನ ಅದು" ಎಂದು ಬರೆದಿಲ್ಲ. ಮುಂದಿನ ಹಂತಕ್ಕೆ ಯಾವಾಗ ಹೋಗಬೇಕೆಂದು ಹಕ್ಕಿಯೇ ಹೇಳುತ್ತದೆ. ಅದು ಹೇಳುವುದನ್ನು ಓದಲು ಕಲಿಯುವುದೇ ನಿಮ್ಮ ಕೆಲಸದ ಮುಕ್ಕಾಲು ಪಾಲು.

ಈ ಲೇಖನ ಗಿಳಿ ಜಾತಿಯ ಸಾಕುಹಕ್ಕಿಗಳಿಗೆ ಸಂಬಂಧಿಸಿದ್ದು: ಬಡ್ಜಿ, ಕಾಕಟೀಲ್, ಲವ್‌ಬರ್ಡ್, ಕಾನ್ಯೂರ್ ಮುಂತಾದವು. ಫಿಂಚ್, ಕೆನರಿಗಳು ಕೈಗೆ ಬರುವುದು ಅಪರೂಪ. ಅವು ನಿಮ್ಮೆದುರು ನಿಶ್ಚಿಂತೆಯಿಂದ ಮೇಯುತ್ತ, ಹಾಡುತ್ತ ಇದ್ದರೆ ನಂಬಿಕೆ ಬಂದಿದೆ ಎಂದೇ ಅರ್ಥ. ಅವುಗಳ ಮಟ್ಟಿಗೆ ಮೊದಲ ಮೂರು ಹಂತ ಸಾಕು.

ಹೆದರಿಕೆ ಎಲ್ಲಿಂದ ಬರುತ್ತದೆ

ಸಣ್ಣ ಹಕ್ಕಿಗಳು ಕಾಡಿನಲ್ಲಿ ಬೇರೆ ಪ್ರಾಣಿಗಳ ಆಹಾರ. ಅಪಾಯ ಯಾವ ಕಡೆಯಿಂದ ಬಂದರೂ ಕಾಣಲೆಂದೇ ಅವುಗಳ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಗಿಡುಗ ಮೇಲಿನಿಂದ ಎರಗುತ್ತದೆ, ನೆಟ್ಟ ನೋಟದಿಂದ ನೋಡುತ್ತದೆ, ನೇರವಾಗಿ ನುಗ್ಗುತ್ತದೆ. ಪಂಜರದೊಳಗೆ ಮೇಲಿನಿಂದ ಕೈ ಇಳಿಸಿ, ಹಕ್ಕಿಯನ್ನೇ ದಿಟ್ಟಿಸುತ್ತ, ಬೇಗ ಮುಗಿಸೋಣವೆಂದು ಸರಕ್ಕನೆ ಮುಂದುವರಿದರೆ ನಾವು ಮಾಡುವುದೂ ಅದನ್ನೇ. ಹಾಗಾಗಿ ಕೈ ಯಾವಾಗಲೂ ಹಕ್ಕಿಯ ಎದೆಮಟ್ಟಕ್ಕಿಂತ ಕೆಳಗಿನಿಂದ ಬರಲಿ. ನಿಧಾನವಾಗಿ ಬರಲಿ. ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿರಲಿ.

ಶುರುಮಾಡುವ ಮುನ್ನ ಒಂದು ಎಚ್ಚರಿಕೆ. ಹಕ್ಕಿಗಳು ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತವೆ. ಹೊರಗೆ ಕಾಣುವ ಹೊತ್ತಿಗೆ ಬಹಳ ಬಲಿತಿರುತ್ತದೆ. ಹಗಲಿಡೀ ಪುಕ್ಕ ಉಬ್ಬಿಸಿಕೊಂಡು ಕೂರುವುದು, ಪಂಜರದ ತಳದಲ್ಲೇ ಇರುವುದು, ಉಸಿರಾಡುವಾಗ ಬಾಲ ಮೇಲೆ ಕೆಳಗೆ ತೂಗುವುದು, ತಿನ್ನದಿರುವುದು ಕಂಡರೆ ಅದು "ಸಾಧು" ಆಗಿದ್ದಲ್ಲ. ಪಳಗಿಸುವ ಯೋಚನೆ ಬಿಟ್ಟು ಅವತ್ತೇ ಹಕ್ಕಿಗಳನ್ನು ನೋಡುವ ಪಶುವೈದ್ಯರಲ್ಲಿಗೆ ಹೋಗಿ.

ಏನೇನು ಬೇಕು

ಹೆಚ್ಚೇನೂ ಬೇಡ. ರೆಕ್ಕೆ ಪೂರ್ತಿ ಬಿಚ್ಚಲು ಜಾಗವಿರುವ ಪಂಜರ, ಅದರಲ್ಲಿ ಬೇರೆ ಬೇರೆ ದಪ್ಪದ ಎರಡು ಮೂರು ಅಡ್ಡಕೋಲು. ಸಾಧ್ಯವಾದರೆ ಹೊರಗಿನಿಂದಲೇ ತೆಗೆದಿಡಬಹುದಾದ ಕಾಳಿನ ಬಟ್ಟಲು. ಹಕ್ಕಿಗೆ ಬಲು ಇಷ್ಟವಾದ ಒಂದು ತಿನಿಸು. ಸಣ್ಣ ಹಕ್ಕಿಗಳಿಗೆ ನವಣೆಯ ತೆನೆಗಿಂತ ಒಳ್ಳೆಯದು ಸಿಗಲಾರದು, ಉದ್ದ ಇರುವುದರಿಂದ ಕೈಯನ್ನು ದೂರವೇ ಇಡಬಹುದು. ಒಂದು ತೆಳು ಕಡ್ಡಿ. ದಿನಕ್ಕೆ ಎರಡು ಮೂರು ಬಾರಿ, ಪ್ರತಿ ಸಲ ಐದರಿಂದ ಹತ್ತು ನಿಮಿಷ ನಿಮ್ಮ ಬಿಡುವು. ಭಾನುವಾರ ಎರಡು ಗಂಟೆ ಕೂತು ವಾರವಿಡೀ ಮರೆತರೆ ಉಪಯೋಗವಿಲ್ಲ.

ಕೈಗವಸು ಬೇಡ. ಹಕ್ಕಿ ನಂಬಬೇಕಾದ್ದು ನಿಮ್ಮ ಬರಿಗೈಯನ್ನು.

ಮೊದಲು ಕಲಿಯಬೇಕಾದ್ದು: ಹಕ್ಕಿಯ ಮೈಮಾತು

ಇದನ್ನು ಹಾರಿಸಿ ನೇರ ಹಂತಗಳಿಗೆ ಹೋಗಬೇಡಿ. ಪಳಗಿಸಲು ಸೋತವರ ಪೈಕಿ ಬಹುಪಾಲು ಜನ ತಿನಿಸು ತಪ್ಪಾಗಿ ಕೊಟ್ಟವರಲ್ಲ, ಹಕ್ಕಿ "ಬೇಡ" ಎಂದದ್ದನ್ನು ಗಮನಿಸದವರು.

ಹೆದರಿದ ಹಕ್ಕಿ ಪುಕ್ಕವನ್ನೆಲ್ಲ ಮೈಗೆ ಅಂಟಿಸಿಕೊಂಡು ಉದ್ದವಾಗಿ, ಸಣಕಲಾಗಿ ನಿಲ್ಲುತ್ತದೆ. ಕತ್ತು ನೀಳವಾಗುತ್ತದೆ. ಕಣ್ಣು ಅಗಲ. ಅಲುಗಾಡುವುದೇ ಇಲ್ಲ. ಈ ಅಲುಗಾಡದಿರುವುದನ್ನೇ ಹೊಸಬರು "ಅಬ್ಬಾ, ಸುಮ್ಮನೆ ಕೂತಿದೆ, ಒಪ್ಪಿಕೊಂಡಿದೆ" ಎಂದು ತಪ್ಪಾಗಿ ತಿಳಿಯುತ್ತಾರೆ. ಅದು ಭಯದಿಂದ ಮರಗಟ್ಟಿದ ಸ್ಥಿತಿ. ಅದರ ಮುಂದಿನ ಹೆಜ್ಜೆ ಒಂದೋ ಹಾರಾಟ, ಇಲ್ಲವೇ ಕಚ್ಚು. ಕೊಕ್ಕು ತೆರೆದು ಮೈ ಹಿಂದಕ್ಕೆ ವಾಲಿಸುವುದು, ಬುಸುಗುಡುವುದು, ಪಂಜರದ ಮೂಲೆಗೆ ಒತ್ತಿಕೊಳ್ಳುವುದು ಇನ್ನಷ್ಟು ಸ್ಪಷ್ಟ ಎಚ್ಚರಿಕೆಗಳು. ಕಾಕಟೀಲ್‌ನಲ್ಲಿ ಜುಟ್ಟು ನೋಡಿ: ನೆಟ್ಟಗೆ ನಿಂತಿದ್ದರೆ ಬೆಚ್ಚಿದೆ, ತಲೆಗೆ ಅಂಟಿಕೊಂಡು ಜೊತೆಗೆ ಬುಸ್ ಎನ್ನುತ್ತಿದ್ದರೆ ಸಿಟ್ಟು ಇಲ್ಲವೇ ಭಯ, ಅರ್ಧ ಬಾಗಿ ಸಡಿಲವಾಗಿದ್ದರೆ ನೆಮ್ಮದಿ.

ನೆಮ್ಮದಿಯ ಗುರುತುಗಳೂ ಇವೆ. ಒಂದು ಕಾಲನ್ನು ಹೊಟ್ಟೆಯ ಪುಕ್ಕದೊಳಗೆ ಎಳೆದುಕೊಂಡು ಕೂರುವುದು. ಗರಿ ತೀಡಿಕೊಳ್ಳುವುದು. ಮೈಯನ್ನು ಒಮ್ಮೆ ಉಬ್ಬಿಸಿ ಕೊಡವಿ ಬಾಲ ಅಲ್ಲಾಡಿಸುವುದು. ಕೊಕ್ಕಿನ ಮೇಲ್ಭಾಗ ಕೆಳಭಾಗ ಉಜ್ಜಿ ಕರಕರ ಸದ್ದು ಮಾಡುವುದು. ಇದು ನಿದ್ದೆಗೆ ಮುಂಚೆ ಹೆಚ್ಚು ಕೇಳುತ್ತದೆ, ತೃಪ್ತಿಯ ಸದ್ದು. ನೀವು ಕೋಣೆಯಲ್ಲಿರುವಾಗಲೇ ಕಾಳು ತಿನ್ನುವುದು, ಕಣ್ಣು ಮುಚ್ಚುವುದು. ದೊಡ್ಡ ಗಿಳಿಗಳಲ್ಲಿ ಕಣ್ಣಪಾಪೆ ಹಿಗ್ಗಿ ಕುಗ್ಗುವುದು ಕಾಣುತ್ತದೆ. ಅದು ಬರೀ ಉದ್ವೇಗದ ಗುರುತು, ಖುಷಿಯೂ ಇರಬಹುದು ಸಿಟ್ಟೂ ಇರಬಹುದು; ಉಳಿದ ಮೈ ನೋಡಿ ನಿರ್ಧರಿಸಿ.

ಎಲ್ಲಕ್ಕಿಂತ ಮುಖ್ಯವಾದ ಒಂದು ಅಳತೆ ಇದೆ. ಹಕ್ಕಿ ಏನೋ ಮಾಡುತ್ತಿರುತ್ತದೆ: ತಿನ್ನುತ್ತಲೋ, ಗರಿ ತೀಡುತ್ತಲೋ. ನೀವು ಹತ್ತಿರವಾಗುತ್ತ ಹೋದಾಗ ಒಂದು ಕಡೆ ಅದು ಆ ಕೆಲಸ ನಿಲ್ಲಿಸಿ ನಿಮ್ಮತ್ತ ನೋಡುತ್ತದೆ. ಆ ಜಾಗವೇ ಅದರ ಗಡಿ. ಇಲ್ಲಿಂದ ಮುಂದೆ ನಾನು ಗಡಿ ಎಂದಾಗಲೆಲ್ಲ ಇದನ್ನೇ ಹೇಳುತ್ತಿದ್ದೇನೆ. ಕೆಲಸವೆಲ್ಲ ಗಡಿಯ ಹೊರಗೆ ನಡೆಯಬೇಕು. ಗಡಿ ತಾನಾಗಿ ಒಳಸರಿಯುತ್ತದೆ.

ಹಂತ 1: ಪಂಜರಕ್ಕೆ ಸರಿಯಾದ ಜಾಗ

ಪಂಜರದ ಒಂದು ಬದಿಯಾದರೂ ಗೋಡೆಗೆ ತಾಗಿರಲಿ. ನಾಲ್ಕೂ ಕಡೆ ತೆರೆದಿದ್ದರೆ ಹಕ್ಕಿ ನಾಲ್ಕೂ ಕಡೆ ಕಾವಲು ಕಾಯಬೇಕಾಗುತ್ತದೆ. ನೆಲದ ಮೇಲೆ ಇಡಬೇಡಿ, ಆಗ ಎಲ್ಲರೂ ಮೇಲಿನಿಂದಲೇ ಬಂದಂತೆ ಕಾಣುತ್ತದೆ. ಮೇಲಿನ ಅಡ್ಡಕೋಲು ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವಷ್ಟು ಎತ್ತರ ಒಳ್ಳೆಯದು. ಮನೆಯವರು ಓಡಾಡುವ, ಆದರೆ ಬಾಗಿಲು ಧಡಾರನೆ ಬಡಿಯದ ಕೋಣೆ ಇರಲಿ. ಬಹಳ ಹೆದರಿದ ಹಕ್ಕಿಯಾದರೆ ಹಿಂಬದಿಗೂ ಒಂದು ಪಕ್ಕಕ್ಕೂ ಬಟ್ಟೆ ಹೊದಿಸಿ ಮರೆ ಮಾಡಿಕೊಡಿ. ಅದು ಅಡಗಬಲ್ಲೆ ಎಂದು ಗೊತ್ತಾದರೆ ಹೊರಗೆ ಬರುವ ಧೈರ್ಯವೂ ಬೇಗ ಬರುತ್ತದೆ. ಹಾಗೆಂದು ಗೂಡುಪೆಟ್ಟಿಗೆ ಇಡಬೇಡಿ. ಮೊಟ್ಟೆಯಿಡುವ ಚಾಳಿ ಕೆರಳಿ ಹಕ್ಕಿ ಜಾಗ ಕಾಯಲು ಕಚ್ಚತೊಡಗುತ್ತದೆ.

ಅಡುಗೆಮನೆ ಬೇಡವೇ ಬೇಡ. ನಾನ್‌ಸ್ಟಿಕ್ ಪಾತ್ರೆ ಮಿತಿಮೀರಿ ಕಾದಾಗ ಬರುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು.

ರಾತ್ರಿ ಹತ್ತು ಹನ್ನೆರಡು ತಾಸು ಕತ್ತಲು, ನಿಶ್ಶಬ್ದ ಬೇಕು. ನಿದ್ದೆಗೆಟ್ಟ ಹಕ್ಕಿ ಎಲ್ಲಕ್ಕೂ ಬೆಚ್ಚುತ್ತದೆ. ಕಾಕಟೀಲ್‌ಗಳು ಕತ್ತಲಲ್ಲಿ ಏಕಾಏಕಿ ಬೆದರಿ ಹಾರಾಡಿ ಗಾಯ ಮಾಡಿಕೊಳ್ಳುವುದುಂಟು. ಅಂಥದ್ದಕ್ಕೆ ಮಂಕು ದೀಪವೊಂದು ಇರಲಿ.

ಹಂತ 2: ಸುಮ್ಮನೆ ಇರುವುದು

ಮೊದಲ ಕೆಲವು ದಿನ ಕಾಳು, ನೀರು, ಸ್ವಚ್ಛತೆ ಬಿಟ್ಟು ಬೇರೇನೂ ಮಾಡಬೇಡಿ. ಗಡಿಯ ಹೊರಗೆ ಕುರ್ಚಿ ಹಾಕಿಕೊಂಡು ಪಕ್ಕಕ್ಕೆ ತಿರುಗಿ ಕೂತು ಪುಸ್ತಕ ಓದಿ, ಮೆಲುದನಿಯಲ್ಲಿ ಬಾಯಿಬಿಟ್ಟು ಓದಿದರೂ ಸರಿ. ನಿಮ್ಮ ದನಿ, ಚಲನೆ, ವಾಸನೆ ಎಲ್ಲ ಅದಕ್ಕೆ ಅಭ್ಯಾಸವಾಗಬೇಕು. ಕೋಣೆಗೆ ಬರುವ ಮುನ್ನ ಪ್ರತಿ ಸಲ ಒಂದೇ ಮಾತು ಹೇಳಿ ಬನ್ನಿ. ದಿಢೀರನೆ ಪ್ರತ್ಯಕ್ಷವಾಗುವವರನ್ನು ಯಾವ ಹಕ್ಕಿಯೂ ನಂಬದು.

ಬಟ್ಟಲು ಬದಲಿಸಲು ದಿನವೂ ಕೈ ಹಾಕಲೇಬೇಕಲ್ಲ ಎಂದು ಕೇಳುತ್ತೀರಿ. ಹೌದು. ಅದನ್ನು ದಿನವೂ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ, "ಕಾಳು ತಂದೆ" ಎನ್ನುವಂಥ ಒಂದೇ ಮಾತಿನೊಂದಿಗೆ ಮಾಡಿ. ಹಕ್ಕಿಯನ್ನು ನೋಡದೆ ಕೆಲಸ ಮುಗಿಸಿ ಕೈ ತೆಗೆಯಿರಿ. ಮುಂದೇನಾಗುತ್ತದೆಂದು ಗೊತ್ತಿದ್ದರೆ ಭಯ ಅರ್ಧ ಇಳಿಯುತ್ತದೆ. ಪಂಜರ ಪೂರ್ತಿ ತೊಳೆಯುವ ಕಾರ್ಯಕ್ರಮವನ್ನು ಮೊದಲ ವಾರ ಆದಷ್ಟು ಮುಂದೂಡಿ, ತಳದ ಕಾಗದ ಬದಲಿಸಿದರೆ ಸಾಕು.

ಹಂತ 3: ಹತ್ತಿರ ಹೋಗುವುದು, ಹಿಂದೆ ಸರಿಯುವುದು

ನನ್ನ ಪ್ರಕಾರ ಇಡೀ ವಿಧಾನದ ತಿರುಳು ಇದೇ, ಬಹಳ ಜನ ಬಿಡುವುದೂ ಇದನ್ನೇ. ಗಡಿಯವರೆಗೆ ನಿಧಾನ ನಡೆದು ನಿಲ್ಲಿ. ಹಕ್ಕಿ ನಿಮ್ಮನ್ನು ನೋಡುತ್ತದೆ. ಕಾಯಿರಿ. ಪುಕ್ಕ ಸ್ವಲ್ಪ ಸಡಿಲವಾದರೆ, ಕಣ್ಣು ಮಿಟುಕಿಸಿದರೆ, ಬೇರೆಡೆ ತಿರುಗಿದರೆ, ಆ ಕ್ಷಣವೇ ನೀವು ಹಿಂದೆ ಹೋಗಿ. ತುಸು ಬಿಟ್ಟು ಮತ್ತೆ ಬನ್ನಿ.

ಇದರಲ್ಲಿ ಹಕ್ಕಿ ಕಲಿಯುವುದೇನು? ಶಾಂತವಾಗಿದ್ದರೆ ಈ ದೊಡ್ಡ ಪ್ರಾಣಿ ಹೊರಟುಹೋಗುತ್ತದೆ ಎಂದು. ಗಾಬರಿಯಾದಾಗ ಹಿಂದೆ ಸರಿದರೆ ಕಲಿಯುವುದು ಉಲ್ಟಾ: ಹಾರಾಡಿದರೆ, ಕೂಗಿದರೆ, ಕಚ್ಚಿದರೆ ಹೋಗುತ್ತದೆ ಎಂದು. ಅದಕ್ಕೇ ಗಾಬರಿ ಹುಟ್ಟುವ ಮೊದಲೇ ನಿಲ್ಲಬೇಕು. ತಪ್ಪಿ ಗಾಬರಿಯಾದರೆ ಇದ್ದಲ್ಲೇ ಅಲುಗದೆ ನಿಂತು, ಅದು ಒಂದಿಷ್ಟು ಸಾವರಿಸಿಕೊಂಡ ಮೇಲೆ ಹೊರಡಿ. ಹಾರಾಟ ನಿಲ್ಲದೇ ಹೋದರೆ ಮಾತ್ರ ಮೆಲ್ಲಗೆ ದೂರವಾಗಿ, ಮುಂದಿನ ಸಲ ಇನ್ನೂ ದೂರದಿಂದ ಶುರುಮಾಡಿ.

ಹಂತ 4: ಸರಳಿನ ಮೂಲಕ ತಿನಿಸು

ನೀವು ಪಂಜರದ ಪಕ್ಕದಲ್ಲೇ ನಿಂತರೂ ಹಕ್ಕಿ ತನ್ನ ಕೆಲಸ ಮುಂದುವರಿಸುತ್ತಿದೆಯೇ? ಹಾಗಾದರೆ ನವಣೆ ತೆನೆಯ ಒಂದು ತುದಿ ಹಿಡಿದು ಇನ್ನೊಂದನ್ನು ಸರಳಿನ ನಡುವೆ ತೂರಿಸಿ. ಅದರ ಮುಖಕ್ಕೆ ಹಿಡಿಯಬೇಡಿ. ಅದು ತಾನಾಗಿ ನಡೆದುಬಂದು ತೆಗೆದುಕೊಳ್ಳುವಷ್ಟು ದೂರದಲ್ಲಿರಲಿ. ಬರದಿದ್ದರೆ ತೆನೆಯನ್ನು ಅಲ್ಲೇ ಸಿಕ್ಕಿಸಿ ಹೋಗಿ. ನಾಳೆ ಮತ್ತೆ.

ಈ ತಿನಿಸು ಇನ್ನು ಮುಂದೆ ನಿಮ್ಮಿಂದ ಮಾತ್ರ ಸಿಗಬೇಕು, ಬಟ್ಟಲಲ್ಲಿ ಬೀಳಬಾರದು. ಆದರೆ ದಿನದ ಆಹಾರವನ್ನು ಯಾವತ್ತೂ ತಡೆಹಿಡಿಯಬೇಡಿ. "ಹಸಿಸಿದರೆ ತಾನೇ ಕೈಗೆ ಬರುತ್ತದೆ" ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಸಣ್ಣ ಹಕ್ಕಿಗಳ ಮೈ ಬಹಳ ಬೇಗ ಶಕ್ತಿ ಖರ್ಚುಮಾಡುತ್ತದೆ. ಉಪವಾಸ ಅವುಗಳ ಜೀವಕ್ಕೇ ಅಪಾಯ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಉಪ್ಪಿನ ಕುರುಕಲು ಯಾವುದನ್ನೂ ತಿನಿಸಾಗಿ ಕೊಡಬೇಡಿ. ಬಾಯಿಂದ ಬಾಯಿಗೂ ಬೇಡ, ನಮ್ಮ ಎಂಜಲಿನಲ್ಲಿರುವ ಬ್ಯಾಕ್ಟೀರಿಯಾ ಹಕ್ಕಿಗೆ ಒಗ್ಗುವುದಿಲ್ಲ.

ಹಂತ 5: ಕೈ ಪಂಜರದೊಳಗೆ

ಇಲ್ಲಿ ಹೆಚ್ಚಿನವರು ಅವಸರ ಮಾಡುತ್ತಾರೆ. ಸರಳಿನಾಚೆ ಇದ್ದ ಕೈ ಬೇರೆ, ಒಳಗೆ ಬಂದ ಕೈ ಬೇರೆ.

ಮೊದಲು ಬಾಗಿಲು ತೆರೆದು ಕೈಯನ್ನು ಹೊಸ್ತಿಲಲ್ಲಿ ಇಟ್ಟು ಸುಮ್ಮನಿರಿ. ಹಂತ 3ರ ಲೆಕ್ಕವೇ: ಹಕ್ಕಿ ಸಡಿಲವಾದೊಡನೆ ಕೈ ತೆಗೆಯಿರಿ. ಇದಕ್ಕೆ ಅಂಜದಂತಾದ ಮೇಲೆ ಉದ್ದ ತೆನೆ ಹಿಡಿದು ಒಳಗೆ ಚಾಚಿ, ಕೈ ಕೆಳಗೇ ಇರಲಿ, ತೋಳು ಎಲ್ಲಾದರೂ ಆನಿಸಿಕೊಂಡಿರಲಿ. ನೋಯುವ ತೋಳು ನಡುಗುತ್ತದೆ, ನಡುಗುವ ಕೈ ಹಕ್ಕಿಯನ್ನು ಓಡಿಸುತ್ತದೆ. ಹಕ್ಕಿ ತುದಿಯಿಂದ ತಿನ್ನತೊಡಗಿದರೆ ಅಂದಿಗೆ ಅಷ್ಟೇ. ದಿನ ಕಳೆದಂತೆ ತೆನೆಯನ್ನು ಗಿಡ್ಡ ಮಾಡುತ್ತ ಬನ್ನಿ. ಕೊನೆಗೆ ಕಾಳನ್ನು ಅಂಗೈಯಲ್ಲಿ ಹರಡಿ ಹಿಡಿದಾಗ, ಹಕ್ಕಿ ಒಂದು ಕಾಲು ಅಡ್ಡಕೋಲಿನ ಮೇಲಿಟ್ಟು ಇನ್ನೊಂದನ್ನು ನಿಮ್ಮ ಕೈಮೇಲೆ ಊರುತ್ತದೆ. ಆಗ ಉಸಿರು ಬಿಗಿಹಿಡಿದು "ಬಂತು, ಬಂತು" ಎಂದು ಬೆರಳು ಮಡಚಬೇಡಿ! ಬೆರಳು ಅಲುಗದಿರಲಿ. ಅದು ಹಿಂದಕ್ಕೆ ಹೋಗಬೇಕೆಂದರೆ ಹೋಗಲಿ.

ಇದ್ದಕ್ಕಿದ್ದಂತೆ ಹಕ್ಕಿ ಹಿಂದೇಟು ಹಾಕಿದರೆ ನಿಮ್ಮ ಕೈ ನೋಡಿಕೊಳ್ಳಿ. ಹೊಸ ಉಗುರುಬಣ್ಣ, ಹೊಸ ಉಂಗುರ, ಉದ್ದ ತೋಳಿನ ಗಾಢಬಣ್ಣದ ಬಟ್ಟೆ ಕೂಡ ಕಾರಣವಾಗಬಹುದು.

ಪಂಜರದಲ್ಲಿ ಎರಡು ಹಕ್ಕಿಗಳಿದ್ದರೆ ಧೈರ್ಯಸ್ಥ ಯಾವುದೆಂದು ನೋಡಿ ಅದರೊಂದಿಗೆ ಕೆಲಸ ಮಾಡಿ. ಇನ್ನೊಂದು ನೋಡಿ ಕಲಿಯುತ್ತದೆ. ಪಳಗಿಸಲೆಂದು ಜೋಡಿಯನ್ನು ಅಗಲಿಸುವುದು ನನಗೆ ಸರಿಕಾಣುವುದಿಲ್ಲ.

ಹಂತ 6: ಕಡ್ಡಿ ಮುಟ್ಟುವ ಆಟ

ಇದಕ್ಕೆ ಟಾರ್ಗೆಟ್ ಟ್ರೈನಿಂಗ್ ಎನ್ನುತ್ತಾರೆ. ಅಂದರೆ ಒಂದು ಗುರುತಿನ ವಸ್ತುವನ್ನು ಹಕ್ಕಿ ಕೊಕ್ಕಿನಿಂದ ಮುಟ್ಟುವಂತೆ ಕಲಿಸುವುದು. ಕೈಗೆ ಇನ್ನೂ ಅಂಜುವ ಹಕ್ಕಿಗಂತೂ ಇದು ವರ, ಏಕೆಂದರೆ ದೂರದಿಂದಲೇ ಆಡಬಹುದು. ಕಡ್ಡಿಯ ತುದಿಯನ್ನು ಹಕ್ಕಿಯಿಂದ ಸ್ವಲ್ಪ ದೂರ ಹಿಡಿಯಿರಿ. ಕುತೂಹಲದಿಂದ ಕೊಕ್ಕು ತಾಗಿಸಿದ ಕ್ಷಣವೇ ನಾಲಿಗೆಯಿಂದ "ಟಕ್" ಎನ್ನಿ, ತಕ್ಷಣ ತಿನಿಸು ಕೊಡಿ. ಕ್ಲಿಕ್ಕರ್ ಎಂಬ, ಒತ್ತಿದರೆ ಸದ್ದು ಮಾಡುವ ಪುಟ್ಟ ಸಾಧನವೂ ಆಗುತ್ತದೆ, ಸದ್ದಿಗೆ ಹೆದರದಿದ್ದರೆ. ಯಾವುದಕ್ಕೆ ತಿನಿಸು ಸಿಕ್ಕಿತು ಎಂದು ಹಕ್ಕಿಗೆ ತಿಳಿಸುವುದು ಆ ಸದ್ದಿನ ಕೆಲಸ. ಆಮೇಲೆ ಕಡ್ಡಿಯನ್ನು ಒಂದು ಹೆಜ್ಜೆ, ಎರಡು ಹೆಜ್ಜೆ ದೂರ ಹಿಡಿದರೆ ಹಕ್ಕಿ ಹಿಂಬಾಲಿಸಿ ಬರುತ್ತದೆ. ಕೆಲವೇ ಸಲ ಆಡಿ, ಅದಕ್ಕೆ ಇನ್ನೂ ಬೇಕೆನಿಸುವಾಗಲೇ ನಿಲ್ಲಿಸಿ.

ಹಂತ 7: ಬೆರಳಿನ ಮೇಲೆ

ತೋರುಬೆರಳನ್ನು ಅಡ್ಡಕೋಲಿನಂತೆ ಗಟ್ಟಿಯಾಗಿ ಚಾಚಿ, ಹಕ್ಕಿಯ ಕಾಲಿನ ತುಸು ಮೇಲೆ, ಹೊಟ್ಟೆಯ ಕೆಳಭಾಗದ ಹತ್ತಿರ ತನ್ನಿ. ಬೆರಳಿನಾಚೆ ಕಡ್ಡಿ ಅಥವಾ ತಿನಿಸು ಹಿಡಿದರೆ ಅದನ್ನು ತಲುಪಲು ಹಕ್ಕಿ ಬೆರಳು ಹತ್ತಲೇಬೇಕು. "ಹತ್ತು" ಎಂದೋ "ಬಾ" ಎಂದೋ ಒಂದೇ ಪದ ಬಳಸಿ. ಹೊಟ್ಟೆಗೆ ಒತ್ತಿ ಹತ್ತಿಸುವ ರೂಢಿಯಿದೆ. ಹೆದರುವ ಹಕ್ಕಿಗೆ ಅದು ಬೇಡ.

ಒಂದು ಮಾತು ನೆನಪಿರಲಿ. ಹತ್ತುವ ಮುನ್ನ ಹಕ್ಕಿ ಕೊಕ್ಕು ಚಾಚಿ ನಿಮ್ಮ ಬೆರಳನ್ನು ಹಿಡಿಯುತ್ತದೆ. ಅದು ಕಚ್ಚುವುದಲ್ಲ. ಕೊಂಬೆ ಗಟ್ಟಿಯಿದೆಯೇ ಎಂದು ನೋಡಲು, ಆಸರೆಗೆ ಗಿಳಿಗಳು ಕೊಕ್ಕನ್ನು ಮೂರನೇ ಕಾಲಿನಂತೆ ಬಳಸುತ್ತವೆ. ಈ ಹೊತ್ತಿನಲ್ಲಿ ನೀವು ಬೆರಳು ಹಿಂದೆಳೆದರೆ ಕೊಂಬೆ ಮುರಿದಂತೆಯೇ. ಮುಂದಿನ ಸಲ ಅದು ಹತ್ತಲು ಯೋಚಿಸುತ್ತದೆ.

ಹಂತ 8: ಹೊರಗೆ ಬಿಡುವುದು

ಬಿಡುವ ಮುನ್ನ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಪರದೆ ಎಳೆಯಿರಿ, ಏಕೆಂದರೆ ಗಾಜು ಹಕ್ಕಿಗೆ ಕಾಣುವುದಿಲ್ಲ. ಕನ್ನಡಿ ಮುಚ್ಚಿ. ತುಂಬಿದ ಬಕೆಟ್ಟು ಇರಬಾರದು. ನಾಯಿ ಬೆಕ್ಕು ಹೊರಗೆ, ಒಲೆ ಆರಿರಬೇಕು. ಮನೆಯ ಎಲ್ಲರಿಗೂ ಹೇಳಿ ಬಾಗಿಲು ಹಾಕಿಕೊಳ್ಳಿ.

ಪಂಜರದ ಬಾಗಿಲು ತೆರೆದು ನೀವು ದೂರ ಕೂತುಕೊಳ್ಳಿ. ಅದೇ ಬರಲಿ. ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಬಿಟ್ಟರೆ ಬಟ್ಟಲು ತುಂಬುವ ಸದ್ದಿಗೆ ತಾನಾಗಿ ಒಳಗೆ ಹೋಗುತ್ತದೆ. ಕೋಣೆ ಪೂರ್ತಿ ಅಟ್ಟಾಡಿಸಿ ಹಿಡಿದಿರೋ, ವಾರಗಟ್ಟಲೆ ಗಳಿಸಿದ್ದು ಐದು ನಿಮಿಷಕ್ಕೆ ಹೋಯಿತು. ಹಿಡಿಯಲೇಬೇಕಾದ ಸಂದರ್ಭ ಬಂದರೆ ದೀಪ ಆರಿಸಿ. ಕತ್ತಲಲ್ಲಿ ಅದಕ್ಕೆ ಸರಿಯಾಗಿ ಕಾಣದು, ಕೂತಲ್ಲೇ ಇರುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ಹಗುರವಾಗಿ ಎತ್ತಿಕೊಳ್ಳಬಹುದು. ಎದೆ ಒತ್ತಬೇಡಿ. ಹಕ್ಕಿಗೆ ನಮ್ಮಂತೆ ವಪೆ (ಎದೆ, ಹೊಟ್ಟೆಗಳ ನಡುವೆ ಇದ್ದು ಉಸಿರಾಟಕ್ಕೆ ನೆರವಾಗುವ ಸ್ನಾಯುಪೊರೆ) ಇಲ್ಲ, ಎದೆಗೂಡು ಅಲುಗಿದರೆ ಮಾತ್ರ ಉಸಿರಾಟ.

ಹಂತ 9: ಮುಟ್ಟುವುದು

ಕೈಮೇಲೆ ಕೂರುವ ಹಕ್ಕಿಗಳೆಲ್ಲ ಮುಟ್ಟಿಸಿಕೊಳ್ಳುವುದಿಲ್ಲ. ಬಹಳಷ್ಟು ಬಡ್ಜಿಗಳಿಗೆ ಅದು ಬೇಕಾಗಿಯೇ ಇಲ್ಲ. ಕಾಕಟೀಲ್ ತಲೆ ಬಗ್ಗಿಸಿ ಕತ್ತಿನ ಪುಕ್ಕ ಉಬ್ಬಿಸಿದರೆ ಕೆರೆಯಲು ಕೇಳುತ್ತಿದೆ. ತಲೆ, ಕೆನ್ನೆ, ಕತ್ತು ಅಷ್ಟನ್ನೇ ಕೆರೆಯಿರಿ. ಬೆನ್ನು, ರೆಕ್ಕೆಯಡಿ, ಬಾಲದ ಬುಡ ಸವರಿದರೆ ಅದು ಜೋಡಿಯ ಸರಸವೆಂದು ಹಕ್ಕಿ ತಿಳಿಯುತ್ತದೆ, ಆಮೇಲೆ ಕಚ್ಚುವ ಕೂಗುವ ಚಾಳಿ ಶುರುವಾಗುತ್ತದೆ.

ಕಚ್ಚಿದರೆ

ಕಿರುಚಬೇಡಿ, ಕೈ ಕೊಡವಬೇಡಿ, ಕೊಕ್ಕಿಗೆ ಹೊಡೆಯಬೇಡಿ, ಮುಖಕ್ಕೆ ಊದಬೇಡಿ. ಹಕ್ಕಿಯನ್ನು ಮೆಲ್ಲಗೆ ಹತ್ತಿರದ ಕೋಲಿನ ಮೇಲಿಳಿಸಿ ಸ್ವಲ್ಪ ಹೊತ್ತು ಸುಮ್ಮನಿರಿ. ನಂತರ ಯೋಚಿಸಿ: ಕಚ್ಚುವ ಮುನ್ನ ಅದು ಏನು ಹೇಳಿತ್ತು? ಪುಕ್ಕ ಬಿಗಿದಿತ್ತೇ, ಹಿಂದಕ್ಕೆ ವಾಲಿತ್ತೇ? ಮೊದಲ ಎರಡು ಮಾತಿಗೆ ಕಿವಿಗೊಡದವರಿಗೇ ಮೂರನೆಯದಾಗಿ ಕೊಕ್ಕು ಸಿಗುವುದು. ಗರಿ ಉದುರಿ ಹೊಸದು ಮೂಡುವ ಕಾಲದಲ್ಲಿ ಮೈ ನವೆ, ನೋವು ಇರುವುದರಿಂದ ಪಳಗಿದ ಹಕ್ಕಿಯೂ ಸಿಡುಕುತ್ತದೆ. ಆಗ ಬಲವಂತ ಬಿಡಿ.

ಅಡ್ಡದಾರಿಗಳ ಬಗ್ಗೆ

ಹಿಡಿದು ಮುಷ್ಟಿಯಲ್ಲಿಟ್ಟುಕೊಂಡು "ಅಭ್ಯಾಸವಾಗಲಿ" ಎನ್ನುವುದು ಹಳೆಯ ಪದ್ಧತಿ. ಹಕ್ಕಿ ಒದ್ದಾಡುವುದನ್ನು ನಿಲ್ಲಿಸುತ್ತದೆ ನಿಜ, ಒದ್ದಾಡಿ ಪ್ರಯೋಜನವಿಲ್ಲವೆಂದು ತಿಳಿದು. ರೆಕ್ಕೆ ಕತ್ತರಿಸಿದರೂ ಹಾಗೇ: ಓಡಲಾಗದ ಹಕ್ಕಿಗೆ ಉಳಿಯುವ ದಾರಿ ಕಚ್ಚುವುದೊಂದೇ.

ಹಿಂದಕ್ಕೆ ಹೋದಾಗ

ಔಷಧಿ ಹಾಕಲು ಬಟ್ಟೆಯಲ್ಲಿ ಸುತ್ತಿ ಹಿಡಿಯಬೇಕಾಯಿತು, ಮನೆ ಬದಲಾಯಿತು, ಯಾರೋ ಮಗು ಪಂಜರ ಅಲ್ಲಾಡಿಸಿತು. ಹಕ್ಕಿ ಮತ್ತೆ ಮೂಲೆ ಸೇರುತ್ತದೆ. ನಿನ್ನೆ ಬೆರಳು ಹತ್ತಿತ್ತಲ್ಲ ಎಂದು ಇಂದೂ ಬೆರಳು ಚಾಚಬೇಡಿ. ಅದು ಯಾವ ಹಂತದಲ್ಲಿ ಸಡಿಲವಾಗಿ ಇರಬಲ್ಲದೋ ಅಲ್ಲಿಗೆ ಇಳಿಯಿರಿ, ಸರಳಿನ ಮೂಲಕ ತೆನೆ ಕೊಡುವಲ್ಲಿಗೇ ಆಗಲಿ. ಎರಡನೇ ಸಲದ ಏರಿಕೆ ಸಾಮಾನ್ಯವಾಗಿ ಮೊದಲಿಗಿಂತ ಬೇಗ ಆಗುತ್ತದೆ. ಔಷಧಿ ದಿನವೂ ಹಾಕಬೇಕಿದ್ದರೆ ಸಾಧ್ಯವಾದಷ್ಟು ಮನೆಯ ಇನ್ನೊಬ್ಬರು, ಇನ್ನೊಂದು ಕೋಣೆಯಲ್ಲಿ ಹಾಕಲಿ; ತೆನೆ ಹಿಡಿಯುವ ಕೈ ನಿಮ್ಮದೇ ಇರಲಿ.